ಅಕ್ಕೋರನ್ನು ಕೇಳಿ: ಕತ್ತಿಗೆ ಕೆಂಪು ಹತ್ತಿದರೆ

ಪ್ರಶ್ನೆ: ಅಕ್ಕೋರೇ, ಕೆಲಸ ಬಿಟ್ಟು ಊರಿಗೆ ಬಂದು ಅಡಿಕೆ ತೋಟ ನೋಡಿಕೊಳ್ಳುತ್ತಿದ್ದೇನೆ. ಹಳದಿಯಾದ ಎಲೆ, ಉದುರಿದ ಕಾಯಿ ಎಲ್ಲದರ ಫೋಟೊ ತೆಗೆದು ಮೊಬೈಲಿನ ಕೃತಕ ಬುದ್ಧಿಮತ್ತೆಗೆ ತೋರಿಸಿ ಮದ್ದು ಕೇಳುತ್ತೇನೆ. ಹೆಚ್ಚಿನ ಸಲ ಸರಿಯಾಗಿಯೇ ಹೇಳುತ್ತದೆ. ಅಪ್ಪಯ್ಯನಿಗೆ ಮಾತ್ರ ಸಿಟ್ಟು. "ನಾಳೆ ಅದು ಕೈಕೊಟ್ಟರೆ?" ಎನ್ನುತ್ತಾರೆ. ಸರಿ ಹೇಳುವ ಯಂತ್ರವನ್ನು ನೆಚ್ಚಿಕೊಂಡರೆ ಏನು ಅಪಾಯ?
(ಹೆಸರು ಬೇಡ, ಸಿದ್ದಾಪುರ ತಾಲ್ಲೂಕು)

ಉತ್ತರ: ತಮ್ಮಾ, ಕಳೆದ ಮಳೆಗಾಲದವರೆಗೆ ನಾನೂ ನಿನ್ನ ಪಕ್ಷದವಳೇ. ಕೊಳೆರೋಗಕ್ಕೆ ಎರಡನೆಯ ಸುತ್ತಿನ ಮದ್ದು ಹೊಡೆಸುವ ದಿನ ತಂಗಿಯ ಮಗ ಮನೆಗೆ ಬಂದಿದ್ದ. ಬೋರ್ಡೋ ದ್ರಾವಣದ ಅಳತೆಯನ್ನು ಫೋನಿಗೆ ಕೇಳಿದ. 1 ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೊ ಸುಣ್ಣ, 100 ಲೀಟರ್ ನೀರು. ಒಂದಕ್ಷರ ತಪ್ಪಿಲ್ಲ, ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ತೂಗಿ, ಬೇರೆಬೇರೆಯಾಗಿ ಕರಗಿಸಿ, ಬ್ಯಾರಲಿನಲ್ಲಿ ಕೂಡಿಸಿದೆವು. ಆಕಾಶದ ಬಣ್ಣ, ನೋಡಲು ಬಲು ಚಂದ.

ಮರ ಹತ್ತಿ ಮದ್ದು ಹೊಡೆಯುವ, ಕೊನೆ ಕೊಯ್ಯುವ ನಮ್ಮ ಕೊನೆಗೌಡ ಮೇಲೇರುವ ಮೊದಲು ಸೊಂಟದ ಕತ್ತಿ ತೆಗೆದು ಬ್ಯಾರಲಿಗೆ ಅದ್ದಿ ನಿಂತ. ಒಂದು ಕವಳ ಹಾಕುವಷ್ಟು ಹೊತ್ತು. ಮೇಲೆತ್ತಿದಾಗ ಕತ್ತಿಯ ಬಾಯಿಗೆ ತೆಳ್ಳಗೆ ಕೆಂಪು ಹತ್ತಿತ್ತು. "ಸುಣ್ಣ ಸಾಲದು, ಅಕ್ಕೋರೇ" ಎಂದ. ಹೋಗಿ ನೋಡಿದರೆ ಸುಣ್ಣದ ಚೀಲ ಕೊಟ್ಟಿಗೆಯ ಮೂಲೆಯಲ್ಲಿ ತಿಂಗಳಿಂದ ಬಾಯಿ ಬಿಚ್ಚಿಕೊಂಡು ಬಿದ್ದಿತ್ತು, ತೇವದ ಗಾಳಿಗೆ ಅದರ ಸತ್ವವೇ ಇಳಿದುಹೋಗಿತ್ತು. ಸುಣ್ಣ ಸಾಲದಿದ್ದರೆ ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣಕ್ಕೆ ಅಂಟುತ್ತದೆ. ಹಾಗೆಯೇ ಹೊಡೆದಿದ್ದರೆ ಎಳೆಗಾಯಿ ಸುಡುತ್ತಿತ್ತು. ಮೈಲುತುತ್ತದ ನೀರಿಗೆ ಕಬ್ಬಿಣದ ಮೊಳೆ ಹಾಕಿ ಇದೇ ಕೆಂಪನ್ನು ಪ್ರತಿವರ್ಷ ಹತ್ತನೆಯ ತರಗತಿಗೆ ತೋರಿಸುತ್ತಿದ್ದವಳು ನಾನು. ಬ್ಯಾರಲಿನ ಎದುರು ನಿಂತಾಗ ನೆನಪಾಗಲೇ ಇಲ್ಲ.

"ಸುಣ್ಣದ ಫೋಟೊವನ್ನೂ ಹಾಕಿ ಕೇಳಬಹುದಿತ್ತಲ್ಲ ದೊಡ್ಡಮ್ಮ" ಎಂದ ಹುಡುಗ. ಕೇಳಬಹುದಿತ್ತು. ಆದರೆ ಕೇಳಬೇಕೆಂದು ಹೊಳೆಯುವುದಕ್ಕೆ ಒಮ್ಮೆಯಾದರೂ ಕೆಟ್ಟ ಸುಣ್ಣ ಕಂಡಿರಬೇಕು.

ಅಪ್ಪಯ್ಯನ ಹೆದರಿಕೆ ಯಂತ್ರ ಕೈಕೊಡುವ ದಿನದ್ದು. ನನಗೆ ಅದು ಕೈಕೊಡದ ದಿನಗಳದ್ದೇ ಹೆಚ್ಚು. ನೂರು ಸಲ ಸರಿ ಹೇಳಿದ ಮೇಲೆ ಕತ್ತಿ ಅದ್ದುವವನು ಸುಮ್ಮನೆ ಹೊತ್ತು ಕಳೆಯುತ್ತಿದ್ದಾನೆ ಅನ್ನಿಸುತ್ತದೆ. ಏರ್ ಫ್ರಾನ್ಸಿನ 447ನೆಯ ವಿಮಾನದ ಕಥೆ ಇದೇ. 2009ರ ಜೂನ್ 1ರಂದು ಅದು ರಿಯೊದಿಂದ ಪ್ಯಾರಿಸಿಗೆ ಹೋಗುತ್ತಿತ್ತು. ವೇಗ ಅಳೆಯುವ ಕೊಳವೆಗಳಲ್ಲಿ ಹಿಮ ಕಟ್ಟಿತು. ತಾನಾಗಿ ಹಾರಿಸುತ್ತಿದ್ದ ಆಟೊಪೈಲಟ್ ಕೈಬಿಟ್ಟಿತು. ಹಿಮ ಕರಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಅಷ್ಟರಲ್ಲಿ ಗಾಬರಿಬಿದ್ದ ಪೈಲಟ್ ವಿಮಾನದ ಮೂತಿಯನ್ನು ಮೇಲಕ್ಕೆ ಎಳೆದಿದ್ದ, ಎಳೆಯುತ್ತಲೇ ಇದ್ದ. ವಿಮಾನಕ್ಕೆ ಗಾಳಿಯ ಆಸರೆ ತಪ್ಪಿತು. ಸುಮಾರು ನಾಲ್ಕು ನಿಮಿಷದಲ್ಲಿ 228 ಜನ ಅಟ್ಲಾಂಟಿಕ್ ಪಾಲಾದರು. ಅಷ್ಟು ಎತ್ತರದಲ್ಲಿ ಕೈಯಿಂದ ವಿಮಾನ ನಡೆಸುವ ತರಬೇತಿಯೇ ಪೈಲಟ್‌ಗಳಿಗೆ ಇರಲಿಲ್ಲವೆಂದು 2012ರ ತನಿಖಾ ವರದಿ ಹೇಳಿತು.

ಫೋನು ಬಿಡು ಎನ್ನುವುದಿಲ್ಲ, ನಾನೂ ಬಿಟ್ಟಿಲ್ಲ. ಫೋಟೊ ಹಾಕುವ ಮೊದಲು ನಿನಗೆ ಅನ್ನಿಸಿದ್ದನ್ನು ಕ್ಯಾಲೆಂಡರಿನ ಮೇಲೆ ಬರೆದಿಡು, ಆಮೇಲೆ ಕೇಳು. ಮತ್ತೆ, ಈ ಸಲ ಮದ್ದು ಹೊಡೆಸುವ ದಿನ ಕೊನೆಗೌಡನ ಪಕ್ಕ ನಿಲ್ಲು. ನಮ್ಮ ಕೊನೆಗೌಡನಿಗೆ ಅರವತ್ತು ದಾಟಿದೆ, ಅವನ ಮಗ ಗೋವಾದಲ್ಲಿ ನೌಕರಿಗಿದ್ದಾನೆ. ಮದ್ದು ಹೊಡೆಯಲು ಡ್ರೋನ್ ಬರಬಹುದು. ಕತ್ತಿ ಅದ್ದಲು ಯಾರು ಬರುತ್ತಾರೆ?

ಪ್ರಶ್ನೆ: ಕೃತಕ ಬುದ್ಧಿಮತ್ತೆ ಸುಳ್ಳು ಹೇಳುತ್ತದೆಯೇ?
(ಓದುಗರು, ಕುಮಟಾ)

ಉತ್ತರ: ಸುಳ್ಳು ಹೇಳಲು ನಿಜ ಗೊತ್ತಿರಬೇಕಲ್ಲವೇ? ಅದು ಮುಂದೆ ಯಾವ ಪದ ಬರಬಹುದೆಂದು ಲೆಕ್ಕಹಾಕಿ ಪೋಣಿಸುತ್ತದೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಪೋಣಿಸಿಕೊಟ್ಟ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಒಪ್ಪಿಸಿ 5,000 ಡಾಲರ್ ದಂಡ ತೆತ್ತರು. ತೀರ್ಪು ನಿಜವೇ ಎಂದು ಅವರಲ್ಲೊಬ್ಬರು ಪರೀಕ್ಷಿಸಿಯೂ ಇದ್ದರು: ಚಾಟ್‌ಜಿಪಿಟಿಯನ್ನೇ ಕೇಳಿ.

ಪ್ರಶ್ನೆ: ಬೈತಖೋಲ ಬಂದರಿನಲ್ಲಿ ನಮ್ಮ ಬೋಟು ಇದೆ. ಜಿಪಿಎಸ್, ಮೀನು ತೋರಿಸುವ ಯಂತ್ರ ಎರಡೂ ಇವೆ. ಅಜ್ಜ ನೀರಿನ ಬಣ್ಣ, ಹಕ್ಕಿ ನೋಡಿ ಬಲೆ ಬಿಡುತ್ತಿದ್ದರಂತೆ. ಅದನ್ನೆಲ್ಲ ಈಗ ಕಲಿಯಬೇಕೇ?
(ಮೀನುಗಾರರು, ಕಾರವಾರ)

ಉತ್ತರ: ಮೀನು ಎಲ್ಲಿ ಸೇರಬಹುದೆಂದು ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಹೇಳುವುದೂ ಸಮುದ್ರದ ಶಾಖ ಮತ್ತು ನೀರಿನ ಬಣ್ಣವನ್ನು ಉಪಗ್ರಹದಿಂದ ನೋಡಿಯೇ. ಅಜ್ಜನ ವಿದ್ಯೆಯೇ, ಎತ್ತರದಿಂದ ಅಷ್ಟೆ. ಮೋಡ ಕವಿದರೆ ಉಪಗ್ರಹಕ್ಕೆ ನೀರಿನ ಬಣ್ಣ ಕಾಣುವುದಿಲ್ಲ; ಬೋಟಿನಲ್ಲಿ ನಿಂತವರಿಗೆ ಕಾಣುತ್ತದೆ. ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ಆ "ಬಿಡುತ್ತಿದ್ದರಂತೆ". ಒಂದೇ ತಲೆಮಾರಿಗೆ "ಅಂತೆ" ಬಂದುಬಿಟ್ಟಿತೇ? ಜೂನ್ 1ರಿಂದ ಜುಲೈ 31ರವರೆಗೆ ಹೇಗೂ ಮೀನುಗಾರಿಕೆ ನಿಷೇಧ, ಬೋಟು ದಡದಲ್ಲಿರುತ್ತದೆ. ಅಜ್ಜ ಇದ್ದರೆ ಆ 61 ದಿನ ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಿ. ಇಲ್ಲದಿದ್ದರೆ, ಅವರ ಜೊತೆ ಬಲೆ ಎಳೆದವರು ಯಾರಾದರೂ ಬಂದರಿನಲ್ಲಿ ಹರಿದ ಬಲೆ ಹೆಣೆಯುತ್ತಾ ಕುಳಿತಿರುತ್ತಾರೆ, ವಿಚಾರಿಸಿ ನೋಡಿ.