ಹಳೆ ಗಿಯರ್ ಸೈಕಲ್‌ನಲ್ಲಿ ಬೆಟ್ಟ ಹತ್ತಲು ಏನು ಬದಲಿಸಬೇಕು?

ನಿಮ್ಮದು 26 ಇಂಚಿನ ಚಕ್ರದ ಹಳೆ ಮೌಂಟೇನ್ ಬೈಕ್. ಮುಂದೆ ಪೆಡಲ್ ಬಳಿ 48, 38, 28 ಹಲ್ಲಿನ ಮೂರು ಚಕ್ರ, ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು ಗಿಯರ್. ಬಳ್ಳಾರಿ ಊರೊಳಗೆ ತೊಂದರೆ ಇಲ್ಲ, ಸಂಡೂರಿಗೆ ಹೋಗಿ ಕುಮಾರಸ್ವಾಮಿ ಬೆಟ್ಟ ಹತ್ತಿದರೆ ಮೊಣಕಾಲು ನೋಯುತ್ತದೆ. ಮುಂದಿನ ಮೂರು ಹಲ್ಲಿನ ಚಕ್ರ ತೆಗೆಸಿ ಒಂದೇ ಹಾಕಿಸಲಾ ಎಂದು ಕೇಳಿದ್ದೀರಿ.

ಬೇಡ. ಹಿಂದಿನ ಫ್ರೀವೀಲ್ (ಹಿಂದಿನ ಏಳು ಹಲ್ಲಿನ ಚಕ್ರಗಳ ಗೊಂಚಲು) ಒಂದನ್ನೇ 14-34ಕ್ಕೆ, ಅಂದರೆ 14ರಿಂದ 34 ಹಲ್ಲಿನದಕ್ಕೆ, ಬದಲಿಸಿ. ನಾನು ಇದೇ ದಾರಿಯಲ್ಲಿ ನಿಮ್ಮಂಥದೇ ಸೈಕಲ್ ತುಳಿಯುವವನು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನಿಮ್ಮ ಚಕ್ರ ಒಂದು ಸುತ್ತು ತಿರುಗಿದರೆ ಸುಮಾರು 2.07 ಮೀಟರ್. ಈಗ ನಿಮ್ಮ ಅತಿ ಹಗುರ ಗಿಯರ್ ಮುಂದೆ 28, ಹಿಂದೆ 28. ಎರಡೂ ಸಮ, ಅಂದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ 2.07 ಮೀಟರ್ ಹೋಗಲೇಬೇಕು. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 7.5 ಕಿ.ಮೀ. ಕಡಿದಾದ ತಿರುವಿನಲ್ಲಿ ಅಷ್ಟು ವೇಗ ಬರುವುದಿಲ್ಲ. ಆಗ ಕಾಲು ನಿಧಾನವಾಗುತ್ತದೆ, ಭಾರವೆಲ್ಲ ಮೊಣಕಾಲಿಗೆ ಬೀಳುತ್ತದೆ. ಹಿಂದೆ 34 ಇದ್ದರೆ ಒಂದು ಸುತ್ತಿಗೆ 1.7 ಮೀಟರ್ ಸಾಕು, ವೇಗ 6.1 ಕಿ.ಮೀ.ಗೆ ಇಳಿದರೂ ಕಾಲು ಅದೇ ಲಯದಲ್ಲಿ ತಿರುಗುತ್ತಿರುತ್ತದೆ. ಕೇಳೋಕೆ ಸಣ್ಣ ವ್ಯತ್ಯಾಸ, ಆದರೆ ಕೊನೆಯ ತಿರುವಲ್ಲಿ ಇಳಿದು ತಳ್ಳಬೇಕೋ ಬೇಡವೋ ಅನ್ನೋದು ಇಲ್ಲೇ ತೀರ್ಮಾನವಾಗುತ್ತದೆ.

ಮುಂದೆ ಒಂದೇ ಹಲ್ಲಿನ ಚಕ್ರ ಮಾಡಿ 38 ಇಟ್ಟುಕೊಂಡರೆ, ಹಿಂದೆ 34 ಹಾಕಿದರೂ ಬೆಟ್ಟಕ್ಕೆ ಈಗಿನದಕ್ಕಿಂತ ಭಾರವಾಗುತ್ತದೆ. 32 ಹಾಕಿಸಿದರೆ ಹತ್ತಲು ಸ್ವಲ್ಪ ಹಗುರ, ಆದರೆ ವಾಪಸ್ ಬರುವಾಗ ನಿಮಿಷಕ್ಕೆ 80 ಸುತ್ತು ತುಳಿದರೂ ಗಂಟೆಗೆ 23 ಕಿ.ಮೀ. ದಾಟುವುದಿಲ್ಲ. ದುಡ್ಡು ಕೊಟ್ಟು ಗಿಯರ್ ಕಳಕೊಂಡಂತೆ ಅಲ್ವಾ?

ನನಗೆ ಈ 14-34 ಇಷ್ಟವಾಗಲು ಇನ್ನೊಂದು ಕಾರಣ ಇದೆ. ಶಿಮಾನೊ ಕಂಪನಿಯ ಏಳು ಗಿಯರ್ 14-34 ಫ್ರೀವೀಲ್‌ನಲ್ಲಿ ಹಲ್ಲುಗಳು 14, 16, 18, 20, 22, 24, ಆಮೇಲೆ ಒಂದೇ ನೆಗೆತಕ್ಕೆ 34. ಮೊದಲ ಆರು ಅದೇ ಕಂಪನಿಯ 14-28ರಲ್ಲಿ ಇರುವುವೇ. ಆಷಾಢದಲ್ಲಿ ಬಳ್ಳಾರಿಯಿಂದ ಸಂಡೂರಿಗೆ ಹೊರಟರೆ ದಾರಿಯುದ್ದಕ್ಕೂ ಎದುರುಗಾಳಿ. ಗಾಳಿ ಒಂದು ಸಲ ಜೋರು, ಒಂದು ಸಲ ಮೆತ್ತಗೆ. ಆಗ ಮುಂದೆ 38 ಇಟ್ಟುಕೊಂಡು ಹಿಂದೆ 18, 20, 22 ಅಂತ ಎರಡೆರಡು ಹಲ್ಲಿನ ಅಂತರದಲ್ಲೇ ಹೊಂದಿಸಿಕೊಳ್ಳಬೇಕು. ಆ ಸಣ್ಣ ಮೆಟ್ಟಿಲುಗಳು ಹಾಗೇ ಉಳಿಯುತ್ತವೆ, ದೊಡ್ಡ ಹಲ್ಲು ಬೆಟ್ಟಕ್ಕೆ ಮಾತ್ರ.

ಕೊಳ್ಳುವ ಮೊದಲು ಹಿಂದಿನ ಡಿರೇಲರ್ (ಚೈನನ್ನು ಒಂದು ಗಿಯರ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ) 34 ಹಲ್ಲು ತಾಳುತ್ತದೆಯೇ ಅಂತ ಅದರ ಮಾಡೆಲ್ ನಂಬರ್ ನೋಡಿ ಖಚಿತ ಮಾಡಿಕೊಳ್ಳಿ. ಸಡಿಲವಾದ ಚೈನ್ ಎಳೆದುಕೊಳ್ಳುವ ಶಕ್ತಿಯೂ ಅದಕ್ಕೆ ಬೇಕು, ಇದನ್ನು ಹಲ್ಲುಗಳ ವ್ಯತ್ಯಾಸದಲ್ಲಿ ಲೆಕ್ಕ ಹಾಕುತ್ತಾರೆ: ಮುಂದೆ 48ಕ್ಕೂ 28ಕ್ಕೂ 20, ಹಿಂದೆ 34ಕ್ಕೂ 14ಕ್ಕೂ 20, ಒಟ್ಟು 40. ಗಿಡ್ಡ ಡಿರೇಲರ್ ಇದ್ದರೆ ಉದ್ದ ಕೇಜಿನದು (ಚೈನ್ ಹಿಡಿಯುವ ತೋಳು ಉದ್ದ ಇರುವುದು) ಹಾಕಿಸಬೇಕಾಗುತ್ತದೆ.

ಫ್ರೀವೀಲ್ ಬಿಚ್ಚಿಸುವಾಗ ಪಕ್ಕದಲ್ಲೇ ನಿಂತಿರಿ. ತುಳಿದಷ್ಟೂ ಅದು ಬಿಗಿಯಾಗುವ ಸಾಮಾನು. ನನ್ನದನ್ನು ಒಂದು ಅಂಗಡಿಯಲ್ಲಿ ಉಳಿ, ಸುತ್ತಿಗೆ ಹಿಡಿದು ಹೊಡೆದರು. ಒಳಗಿನ ಕಚ್ಚುಗಳೆಲ್ಲ ಸವೆದುಹೋಗಿ ಚಕ್ರದ ನಡುವಿನ ಹಬ್ ಕೂಡ ಹಾಳಾಯಿತು, ಬಹಳ ಬೇಜಾರಾಯಿತು. ಆ ಕಚ್ಚುಗಳಿಗೆ ಸರಿಯಾಗಿ ಕೂರುವ ಟೂಲ್ ಬರುತ್ತದೆ. ಅದನ್ನು ವೈಸ್‌ನಲ್ಲಿ (ಸಾಮಾನು ಅಲುಗದಂತೆ ಬಿಗಿ ಹಿಡಿಯುವ ಸಾಧನ) ಬಿಗಿಸಿ, ಇಡೀ ಚಕ್ರವನ್ನೇ ಸ್ಟೀರಿಂಗ್ ತರ ಎಡಕ್ಕೆ ತಿರುಗಿಸಿದರೆ ಕಟ್ ಅಂತ ಬಿಡುತ್ತದೆ. ಆ ಟೂಲ್ ಇಲ್ಲದ ಕಡೆ ಕೊಡಬೇಡಿ.

ಚೈನ್ ಹಳೆಯದೇ ಇಟ್ಟುಕೊಳ್ಳಬೇಡಿ. ಸಂಡೂರಿನ ಕೆಂಪು ಧೂಳು ಎಣ್ಣೆ ಜೊತೆ ಸೇರಿದರೆ ಅರ ತಿಕ್ಕಿದ ಹಾಗೆ ಚೈನ್ ತಿನ್ನುತ್ತದೆ. ಸವೆದ ಚೈನ್ ಹೊಸ ಹಲ್ಲಿನ ಮೇಲೆ ಜಾರುತ್ತದೆ, ಅದೂ ಜೋರಾಗಿ ತುಳಿಯುವಾಗಲೇ. ಹೊಸದನ್ನು ಕತ್ತರಿಸುವ ಮೊದಲು ಮುಂದೆ 48, ಹಿಂದೆ 34ರ ಮೇಲೆ ಸುತ್ತಿ ಅಳತೆ ನೋಡಲು ಹೇಳಿ. ಹಳೆ ಚೈನಿನ ಉದ್ದಕ್ಕೆ ಸುಮ್ನೆ ಕತ್ತರಿಸಿದರೆ ಗಿಡ್ಡವಾಗಿ ಡಿರೇಲರ್ ಮುರಿಯಬಹುದು. ಜೋಡಿಸಿದ ಮೇಲೆ ಹಿಂದಿನ ಚಕ್ರ ಎತ್ತಿ ಹಿಡಿದು, ಕೈಯಲ್ಲೇ ನಿಧಾನವಾಗಿ ಪೆಡಲ್ ತಿರುಗಿಸಿ ಎಲ್ಲ ಗಿಯರ್ ಹಾಕಿ ನೋಡಿ, ಆಮೇಲೆ ರಸ್ತೆಗೆ ಇಳಿಸಿ.