ಬಲಗೈಗೆ ಕಟ್ಟಿದ ಬಟ್ಟೆ

ಪ್ರಶ್ನೆ: ಮೇಡಂ, ಅಮೆರಿಕದ ಗುಲಾಮರು ರಾತ್ರಿ ಹೊತ್ತು ಕಾಡು ಹಾದು ತಪ್ಪಿಸಿಕೊಂಡ ಕಥೆಗಳನ್ನು ಓದಿದ್ದೇನೆ. ಎಲ್ಲರ ಕಣ್ಣೆದುರೇ ರೈಲು ಹತ್ತಿ ಪಾರಾದ ಗಂಡ ಹೆಂಡತಿಯೂ ಇದ್ದರಂತೆ. ನಿಜವಾ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಜ. ಎಲೆನ್ ಮತ್ತು ವಿಲಿಯಂ ಕ್ರಾಫ್ಟ್. ಗುಲಾಮಗಿರಿ ನಡೆಯುತ್ತಿದ್ದ ದಕ್ಷಿಣದ ಜಾರ್ಜಿಯಾ ರಾಜ್ಯದ ಮೇಕನ್ ಊರಿನವರು. 1848ರ ಡಿಸೆಂಬರ್ 21ರಂದು ಹೊರಟು ಕ್ರಿಸ್‌ಮಸ್ ದಿನ ಗುಲಾಮಗಿರಿ ಇಲ್ಲದ ಉತ್ತರದ ಫಿಲಡೆಲ್ಫಿಯಾ ಮುಟ್ಟಿದರು.

ಎಲೆನ್‌ಳ ತಾಯಿ ಗುಲಾಮ ಹೆಂಗಸು, ತಂದೆ ಆ ತಾಯಿಯ ಧಣಿಯೇ. ಹಾಗಾಗಿ ಎಲೆನ್ ಬಿಳಿಯರಷ್ಟೇ ಬೆಳ್ಳಗಿದ್ದಳು. 11ನೇ ವಯಸ್ಸಿನಲ್ಲಿ ಆಕೆಯನ್ನು ಧಣಿಯ ಮಗಳಿಗೆ, ಅಂದರೆ ತಂದೆ ಕಡೆಯ ಅಕ್ಕನಿಗೇ, ಮದುವೆ ಉಡುಗೊರೆಯಾಗಿ ಕೊಟ್ಟರು. ಇದನ್ನು ಬರೆಯುವಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ತನಗೆ ಹುಟ್ಟುವ ಮಗುವೂ ಇನ್ನೊಬ್ಬರ ಸ್ವತ್ತಾಗುತ್ತದಲ್ಲ ಅನ್ನುವ ಭಯವೇ ಆಕೆಯನ್ನು ಹೊರಡಿಸಿದ್ದು.

ಎಲೆನ್ ಕಾಯಿಲೆಯ ಬಿಳಿ ಯಜಮಾನನ ವೇಷ ಹಾಕಿದಳು. ವಿಲಿಯಂ ಆಕೆಯ ಆಳು. ಬಡಗಿ ಕೆಲಸದಲ್ಲಿ ಉಳಿಸಿದ ದುಡ್ಡಿನಲ್ಲಿ ಆತ ಬಟ್ಟೆಗಳನ್ನು ಕೊಂಡ. ಪ್ಯಾಂಟನ್ನು ಮಾತ್ರ ಎಲೆನ್ ತಾನೇ ಹೊಲಿದಳು. ಕೂದಲು ಕತ್ತರಿಸಿ, ಹಸಿರು ಕನ್ನಡಕ ಹಾಕಿ, ಗಡ್ಡವಿಲ್ಲದ್ದು ಕಾಣದಂತೆ ಗಲ್ಲಕ್ಕೆ ಪಟ್ಟಿ ಕಟ್ಟಿದರು.

ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವಾಗ ನಾನು ಇಲ್ಲಿ ನಿಲ್ಲಿಸಿ ಮಕ್ಕಳನ್ನು ಕೇಳುತ್ತಿದ್ದೆ: ಬಲಗೈಯನ್ನು ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆಗೆ ಯಾಕೆ ನೇತುಹಾಕಿಕೊಂಡಳು? ಹೋಟೆಲಿನಲ್ಲಿ ಹೆಸರು ಬರೆಯಬೇಕಿತ್ತು. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಗುಲಾಮರಿಗೆ ಓದು ಬರಹ ಕಲಿಸುವುದೇ ಅಲ್ಲಿ ಅಪರಾಧ! ಕೈಗೆ ಪೆಟ್ಟಾಗಿದೆ ಅಂದರೆ ಬರೆ ಅಂತ ಯಾರೂ ಒತ್ತಾಯಿಸುವುದಿಲ್ಲ, ಅಲ್ವಾ?

ಮೇಕನ್‌ನ ರೈಲಿನಲ್ಲೇ ಎದೆ ಒಡೆಯುವಂಥ ಗಳಿಗೆ ಬಂತು. ಪಕ್ಕದಲ್ಲಿ ಬಂದು ಕೂತವನು ಧಣಿಯ ಸ್ನೇಹಿತ, ಎಲೆನ್‌ಳನ್ನು ಚಿಕ್ಕಂದಿನಿಂದ ನೋಡಿದ್ದವನು. ಮಾತಾಡಿಸಿದ. ಆಕೆ ಕಿವುಡರಂತೆ ಕಿಟಕಿಯಾಚೆ ನೋಡುತ್ತ ಕೂತಳು. ಚಾರ್ಲ್ಸ್‌ಟನ್ ಬಂದರಿನಲ್ಲಿ ಹಡಗಿನ ಟಿಕೆಟ್ ಕೊಡುವ ಅಧಿಕಾರಿಯೊಬ್ಬ ಸಹಿ ಬೇಕೇ ಬೇಕು ಅಂತ ಪಟ್ಟು ಹಿಡಿದ. ಕೊನೆಗೆ ಹಡಗಿನ ಕ್ಯಾಪ್ಟನ್ನೇ ಹೆಸರು ಬರೆದುಕೊಂಡ.

ಫಿಲಡೆಲ್ಫಿಯಾ ತಲುಪಿದ್ದೇ ತಡ, ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಕ್ವೇಕರ್ ಎಂಬ ಕ್ರೈಸ್ತ ಪಂಗಡದವರ ಮನೆಯೊಂದರಲ್ಲಿ ಅಕ್ಷರ ಕಲಿಯಲು ಕೂತರು. ಓಡಿಹೋದ ಗುಲಾಮರನ್ನು ಎಲ್ಲಿದ್ದರೂ ಹಿಡಿದು ಧಣಿಗೆ ಒಪ್ಪಿಸಬೇಕು ಅನ್ನುವ 1850ರ ಕಾನೂನು ಬಂದು, ಬಾಸ್ಟನ್‌ನಲ್ಲಿದ್ದ ಅವರನ್ನು ಹಿಡಿಯಲು ಧಣಿಗಳ ಕಡೆಯವರು ಬಂದಾಗ ಇಂಗ್ಲೆಂಡಿಗೆ ಹೋದರು. ಅಲ್ಲಿ ಆಕಮ್ ಊರಿನ ಶಾಲೆಗೆ ಸೇರಿ ಓದಿದರು. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಜಾರ್ಜಿಯಾಕ್ಕೇ ಮರಳಿ, ಬಿಡುಗಡೆಯಾದವರ ಮಕ್ಕಳಿಗೆ ಶಾಲೆ ತೆರೆದರು.