ಸ್ವೆತೊಸ್ಲಾವ್ ಹೊಸ ಹೆಸರೇ?

ಕನಕಪುರ ರಸ್ತೆಯ ಓದುಗರೇ,

ತಾತಗುಣಿ ಎಸ್ಟೇಟಿನ ಚಿತ್ರಕಲಾವಿದ ರೋರಿಕ್ ಅವರಿಗೆ ‘ಸ್ವೆತೊಸ್ಲಾವ್’ ಎಂಬ ಹೆಸರನ್ನು ಅಧ್ಯಾತ್ಮದ ಒಲವಿದ್ದ ಅಪ್ಪನೇ ಹುಟ್ಟುಹಾಕಿದರೇ, ಕೆಲವರು ‘ಸ್ವ್ಯಾತೊಸ್ಲಾವ್’ ಅಂತ ಬರೆಯುವುದೇಕೆ ಎಂದು ಕೇಳಿದ್ದೀರಿ.

ಹುಟ್ಟುಹಾಕಿದ್ದಲ್ಲ. ಸಾವಿರ ವರ್ಷ ದಾಟಿದ ಹೆಸರು. ‘ಪವಿತ್ರ’, ‘ಕೀರ್ತಿ’ ಎಂಬರ್ಥದ ಎರಡು ಪದ ಸೇರಿರುವುದರಿಂದ ಸಾಧುಗಳ ಹೆಸರಿನಂತೆ ಕೇಳುತ್ತದೆ, ನಿಜ. ಆದರೆ ಇದನ್ನು ಮೊದಲು ಮೆರೆಸಿದವನು ಕೀವ್‌ನ ದೊರೆ, ಮಹಾ ಜಗಳಗಂಟ. ಅಪ್ಪ ಈಗೊರ್, ಅಮ್ಮ ಓಲ್ಗಾ. ಇಬ್ಬರದೂ ಸ್ಕ್ಯಾಂಡಿನೇವಿಯಾ ಮೂಲದ ಹೆಸರು. ಆ ಮನೆತನದಲ್ಲಿ ಸ್ಲಾವ್ (ರಷ್ಯನ್, ಬಲ್ಗೇರಿಯನ್ ಮುಂತಾದವುಗಳ ಭಾಷಾಕುಟುಂಬ) ಹೆಸರು ಹೊತ್ತು ಪಟ್ಟಕ್ಕೇರಿದ ಮೊದಲಿಗ ಮಗನೇ. ಓಲ್ಗಾ ಕ್ರೈಸ್ತಳಾದಳು, ಮಗನನ್ನೂ ಕರೆದಳು. ನನ್ನ ಸೈನಿಕರು ನಗುತ್ತಾರೆ ಅಂತ ಅವನು ಒಪ್ಪಲೇ ಇಲ್ಲ!

ದಂಡಯಾತ್ರೆಗೆ ಗಾಡಿ, ಹಂಡೆ ಏನೂ ಒಯ್ಯುತ್ತಿರಲಿಲ್ಲವಂತೆ. ಮಾಂಸವನ್ನು ತೆಳ್ಳಗೆ ಸೀಳಿ ಕೆಂಡದ ಮೇಲೆ ಸುಟ್ಟು ತಿನ್ನುವುದು, ಜೀನನ್ನೇ ತಲೆದಿಂಬು ಮಾಡಿಕೊಂಡು ಮಲಗುವುದು. 971ರಲ್ಲಿ ಬೈಜಾಂಟಿಯಂ ಎಂಬ ಗ್ರೀಕ್ ಸಾಮ್ರಾಜ್ಯದ ಚಕ್ರವರ್ತಿಯ ಎದುರು ಸೋತು, ಡ್ಯಾನ್ಯೂಬ್ ನದಿಯಲ್ಲಿ ದೋಣಿಯೇರಿ ಸಂಧಾನಕ್ಕೆ ಬಂದಾಗ ಉಳಿದವರ ಜೊತೆ ತಾನೂ ಹುಟ್ಟು ಹಾಕುತ್ತಿದ್ದ. ಬೋಳು ತಲೆ, ಪಕ್ಕಕ್ಕೊಂದು ಜುಟ್ಟು, ಒಂದೇ ಕಿವಿಗೆ ಒಂಟಿ. ಅದರಲ್ಲಿ ಎರಡು ಮುತ್ತು, ನಡುವೆ ಕೆಂಪು ಹರಳು. ಬಟ್ಟೆ ಎಲ್ಲರಂತೆ ಬಿಳಿಯದೇ, ಸ್ವಲ್ಪ ಜಾಸ್ತಿ ಶುಭ್ರ ಅಷ್ಟೇ. ಗ್ರೀಕ್ ಇತಿಹಾಸಕಾರನೊಬ್ಬ ಹೀಗೆ ಬರೆದಿಟ್ಟಿದ್ದಾನೆ. ಶತ್ರುವಿನ ಕಡೆಯವನು ಇಷ್ಟು ವಿವರವಾಗಿ ಬರೆದಿದ್ದಾನಲ್ಲ ಅನ್ನುವುದೇ ನನಗೆ ಸೋಜಿಗ. ಮರುವರ್ಷ ಊರಿಗೆ ಮರಳುವಾಗ ನೀಪರ್ ನದಿ ಬಂಡೆಗಳ ನಡುವೆ ರಭಸದಿಂದ ಇಳಿಯುವಲ್ಲಿ ಪೆಚೆನೆಗ್ ಎಂಬ ಅಲೆಮಾರಿ ಜನ ಹೊಂಚುಹಾಕಿ ಕೊಂದರು. ತಲೆಬುರುಡೆಗೆ ಲೋಹ ಹೊದಿಸಿ ಕುಡಿಯುವ ಬಟ್ಟಲು ಮಾಡಿಕೊಂಡರು.

ಅವನ ಮಗ ವ್ಲಾದಿಮಿರ್ 988ರ ಸುಮಾರಿಗೆ ಕ್ರೈಸ್ತ ಧರ್ಮ ತಂದ. ಹೆಸರು ಮಾತ್ರ ಉಳಿಯಿತು. ಆ ಜಗಳಗಂಟ ದೊರೆಯ ಮರಿಮಗನೂ ಸ್ವ್ಯಾತೊಸ್ಲಾವನೇ.

ಇನ್ನು ಕಾಗುಣಿತ. ರಷ್ಯನ್‌ನಲ್ಲಿ ಸ್ವ್ಯಾತೊಸ್ಲಾವ್. ಬಲ್ಗೇರಿಯಾದಲ್ಲಿ ಸ್ವೆತೊಸ್ಲಾವ್, 1300ರಲ್ಲಿ ಪಟ್ಟಕ್ಕೆ ಬಂದ ತಿಯೊಡೋರ್ ಸ್ವೆತೊಸ್ಲಾವ್ ಅಲ್ಲಿನ ದೊರೆ. 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ನಮ್ಮ ರೋರಿಕ್ ರಷ್ಯನ್‌ನಲ್ಲಿ ಸ್ವ್ಯಾತೊಸ್ಲಾವ್, ಇಂಗ್ಲಿಷಿನಲ್ಲಿ ಸ್ವೆತೊಸ್ಲಾವ್. ಅಪ್ಪ ನಿಕೋಲಾಯ್ ಹಳೇ ರಷ್ಯಾದ ದೋಣಿ, ಕೋಟೆಗಳನ್ನು ಚಿತ್ರಿಸಿದವರು. ಹಳೇ ರಾಜನ ಹೆಸರು ಹಿಡಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ, ಅಲ್ವಾ? ಪಿಯಾನೋ ವಾದಕ ರಿಕ್ಟರ್‌ರದೂ ಇದೇ ಹೆಸರು. ಈ ಹೆಸರಿನವರನ್ನು ಮನೆಯಲ್ಲಿ ಮುದ್ದಿಗೆ ‘ಸ್ಲಾವಾ’ ಅನ್ನುವುದುಂಟು.

ನಮ್ಮ ಪತ್ರಿಕೆಯಲ್ಲಿ ಕಲಾವಿದರಿಗೆ ಸ್ವೆತೊಸ್ಲಾವ್, ಕೀವ್‌ನ ದೊರೆಗೆ ಸ್ವ್ಯಾತೊಸ್ಲಾವ್ ಎಂದೇ ಬರೆಯುತ್ತೇವೆ.

– ಸಂಪಾದಕ